ಒಂದು ಗಾಡಿಯ ಪಾಠಾಂತರ

ಹಳೆಯದನ್ನು ಉಳಿಸಬೇಕೆಂಬ ಮಾತು ಈಚೆಗೆ ನಮ್ಮಲ್ಲಿ ಬಹಳವಾಗಿ ಕೇಳಿಬರುತ್ತಿದೆ. ಹಳೆಯ ಮನೆ, ಹಳೆಯ ಓಲೆಗರಿ, ಹಳೆಯ ಕಂಚಿನ ಪಾತ್ರೆ ಇವುಗಳ ಸಾಲಿಗೆ ಹಳೆಯ ಮೋಟಾರು ಗಾಡಿಗಳೂ ಬಂದು ಸೇರಿವೆ. ಉಳಿಸುವುದು ಒಳ್ಳೆಯದೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ಆದರೆ ಒಂದು ವಸ್ತು ಅರ್ಧ ಶತಮಾನಕಾಲ ದುಡಿದು, ನಾಲ್ಕಾರು ಕೈ ದಾಟಿ, ಹತ್ತಾರು ಬಾರಿ ರಿಪೇರಿಯಾಗಿ ನಮ್ಮ ಮುಂದೆ ಬಂದಾಗ, ಅದರಲ್ಲಿ ಉಳಿಸತಕ್ಕ ‘ಹಳೆಯದು’ ಯಾವುದು? ಕನ್ನಡ ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನೆಯನ್ನು ಓದಿದವರಿಗೆ ಈ ಪ್ರಶ್ನೆ ಪರಿಚಿತವಾದುದೇ. ಕಳೆದ ಮಳೆಗಾಲದಲ್ಲಿ ಅದು ಹಂಗಾರಕಟ್ಟೆಯ ಒಂದು ಗ್ಯಾರೇಜಿನಲ್ಲಿ, ಗ್ರೀಸು ಮತ್ತು ಮೀನಿನ ವಾಸನೆಯ ನಡುವೆ, ನನಗೆ ಮತ್ತೆ ಎದುರಾಯಿತು.

ಹಂಗಾರಕಟ್ಟೆಯನ್ನು ನೋಡದ ವಾಚಕರಿಗಾಗಿ ಒಂದೆರಡು ಮಾತು. ಉಡುಪಿಯಿಂದ ಕುಂದಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಬ್ರಹ್ಮಾವರವನ್ನು ದಾಟಿ, ಮಾಬುಕಳದ ಸೇತುವೆಯನ್ನು ಕಳೆದು, ಪಡುವಣಕ್ಕೆ ತಿರುಗಿದರೆ ಸಿಗುವ ಪುಟ್ಟ ಬಂದರು ಇದು. ಸೀತಾ ಮತ್ತು ಸ್ವರ್ಣಾ ನದಿಗಳು ಇಲ್ಲಿಗೆ ಹತ್ತಿರದಲ್ಲಿಯೇ ಕೂಡಿ ಕಡಲಿಗೆ ಇಳಿಯುತ್ತವೆ. ನೀರಿನಾಚೆ ಕೋಡಿ ಬೆಂಗ್ರೆಯ ಮರಳು ನಾಲಗೆ ಚಾಚಿಕೊಂಡಿದೆ. ಒಳನಾಡಿನ ಕಡೆಗೆ ಸ್ವಲ್ಪ ದೂರ ಹೋದರೆ ಆಳುಪರ ರಾಜಧಾನಿಯಾಗಿದ್ದ ಬಾರಕೂರು. ಹಾಯಿ ಬಿಚ್ಚಿದ ಮಂಜಿಗಳು ಬಂದು ತಂಗುತ್ತಿದ್ದ ಕಾಲ ಹೋಯಿತು. ಆದರೂ ದೋಣಿ ಕಟ್ಟುವ, ದುರಸ್ತಿ ಮಾಡುವ ವಿದ್ಯೆ ಈ ದಂಡೆಯನ್ನು ಬಿಟ್ಟುಹೋಗಿಲ್ಲ. ಇಂಥ ಊರಿನಲ್ಲಿ ಕಬ್ಬಿಣಕ್ಕೆ ಆಯುಷ್ಯ ಕಡಿಮೆ. ಉಪ್ಪುಗಾಳಿ ಕಿಟಕಿಯ ಸರಳನ್ನೂ ಬಿಡುವುದಿಲ್ಲ. ಅಂದ ಮೇಲೆ, ಮೀನಿನ ಪೆಟ್ಟಿಗೆಯಿಂದ ಸೋರುವ ಉಪ್ಪುನೀರನ್ನು ವರ್ಷಗಟ್ಟಲೆ ಕುಡಿದ ಒಂದು ಪಿಕಪ್ಪು ಗಾಡಿ ಇಂದಿಗೂ ಉಳಿದಿದೆಯೆಂದರೆ ಅದನ್ನು ಉಳಿಸಿದ ಕೈಗಳ ಕಡೆಗೆ ಗಮನ ಹರಿಯಲೇಬೇಕು.

ಗಾಡಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನದು. ಅವನ ತಂದೆ ಸೆಕೆಂಡ್ ಹ್ಯಾಂಡಾಗಿ ಕೊಂಡದ್ದು. ಮಹೀಂದ್ರ ಕಂಪೆನಿಯ ಎಫ್.ಸಿ. 150 ಎಂಬ ಮಾದರಿ. ಎಫ್.ಸಿ. ಎಂದರೆ ಫಾರ್ವರ್ಡ್ ಕಂಟ್ರೋಲ್. ಚಾಲಕ ಇಂಜಿನಿನ ಹಿಂದೆ ಕೂರದೆ ಅದರ ಪಕ್ಕಕ್ಕೆ, ಮುಂದಿನ ಚಕ್ರದ ನೆತ್ತಿಯ ಮೇಲೆ ಕೂರುತ್ತಾನೆ. ಹಾಗಾಗಿ ಗಾಡಿಗೆ ಮೂತಿಯೇ ಇಲ್ಲ, ಮುಖ ಗೋಡೆಗೆ ಒತ್ತಿದಂತೆ ಮೊಂಡು. ಬ್ರೂಕ್ಸ್ ಸ್ಟೀವನ್ಸ್ ಎಂಬ ವಿನ್ಯಾಸಕಾರನ ಕೈಯಲ್ಲಿ ರೂಪು ತಳೆದು, ಅಮೆರಿಕದ ವಿಲ್ಲೀಸ್ ಕಂಪೆನಿಯಿಂದ 1956ರ ಕೊನೆಗೆ ಹೊರಬಂದ ಮಾದರಿ ಇದು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರ 81 ಅಂಗುಲ. ಆದರೂ ಬೆನ್ನಮೇಲೆ ಆರಡಿಗೆ ಮೀರಿದ ಸಾಮಾನಿನ ತೊಟ್ಟಿ. ಇಕ್ಕಟ್ಟಾದ ದಾರಿಯಲ್ಲಿ ತಿರುಗಿಸಲು ಸುಲಭ, ಹೊರಲು ಸಮರ್ಥ. ಅಮೆರಿಕನ್ನರಿಗೆ ಇದು ಅಷ್ಟಾಗಿ ರುಚಿಸಲಿಲ್ಲವೆಂದು ತೋರುತ್ತದೆ. 1960ರ ದಶಕದ ನಡುವಿಗೆ ಅಲ್ಲಿ ತಯಾರಿಕೆ ನಿಂತಿತು. 1947ರಿಂದಲೇ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ತೊಡಗಿದ್ದ ಮಹೀಂದ್ರದವರು ಭಾರತದಲ್ಲಿ ಇದನ್ನು ಮುಂದುವರಿಸಿದರು. ತವರಿನಲ್ಲಿ ಸಲ್ಲದ ಹೆಣ್ಣು ಸೇರಿದ ಮನೆಯಲ್ಲಿ ಬಾಳಿದ ಕಥೆಯಂತೆ.

ಅದಕ್ಕೆ ಹುಟ್ಟಿನಿಂದ ಇದ್ದುದು ಪೆಟ್ರೋಲು ಇಂಜಿನು: ನಾಲ್ಕು ಸಿಲಿಂಡರು, 2199 ಸಿ.ಸಿ. ಗಾಳಿ ಒಳಬರುವ ವಾಲ್ವು ಮೇಲಿನ ಹೆಡ್ಡಿನಲ್ಲಿ, ಹೊಗೆ ಹೊರಹೋಗುವ ವಾಲ್ವು ಕೆಳಗಿನ ಬ್ಲಾಕಿನಲ್ಲಿ, ಹೀಗೆ ಒಂದು ವಿಚಿತ್ರ ಸಂಸಾರ. ಒಳ್ಳೆಯ ಇಂಜಿನೇ ಸರಿ. ಆದರೆ 1973ರ ಯುದ್ಧದ ತರುವಾಯ ಕಚ್ಚಾ ತೈಲದ ಬೆಲೆ ನಾಲ್ಕು ಪಟ್ಟಾಯಿತು. ನಮ್ಮಲ್ಲಿ ಸರಕಾರ ಡೀಸೆಲಿನ ಬೆಲೆಯನ್ನು ಹಿಡಿದಿಟ್ಟು, ಪೆಟ್ರೋಲಿನದನ್ನು ಏರಗೊಟ್ಟಿತು. ಬಾಡಿಗೆಗೆ ಓಡುವ ಗಾಡಿಯ ಒಡೆಯನಿಗೆ ಈ ಅಂತರವೇ ಮನೆಯ ಅಕ್ಕಿ. ದೇಶದುದ್ದಕ್ಕೂ ಪೆಟ್ರೋಲು ಲಾರಿಗಳ ಹೃದಯ ಕಿತ್ತು ಡೀಸೆಲು ಹೃದಯ ಕೂರಿಸುವ ಕೆಲಸ ಅದಕ್ಕೂ ಮೊದಲೇ ಆರಂಭವಾಗಿತ್ತು. ಮದರಾಸಿನ ಸಿಂಪ್ಸನ್ ಕಂಪೆನಿ ತಯಾರಿಸುತ್ತಿದ್ದ ಪರ್ಕಿನ್ಸ್ ಇಂಜಿನುಗಳು ಎಷ್ಟೋ ಹಳೆಯ ಲಾರಿಗಳಿಗೆ ಮರುಜನ್ಮ ಕೊಟ್ಟವು. 1980ರ ದಶಕದಲ್ಲಿ ಮಹೀಂದ್ರದವರೇ ಫ್ರಾನ್ಸಿನ ಪ್ಯೂಜೋ ವಿನ್ಯಾಸದ 2112 ಸಿ.ಸಿ. ಡೀಸೆಲು ಇಂಜಿನನ್ನು ಜೀಪಿಗೆ ಹಾಕತೊಡಗಿದರು. ನನ್ನ ವಿದ್ಯಾರ್ಥಿಯ ತಂದೆ ಅಪಘಾತದಲ್ಲಿ ಜಜ್ಜಿಹೋದ ಒಂದು ಜೀಪಿನಿಂದ ಅಂಥದೇ ಇಂಜಿನನ್ನು ಕೊಂಡುತಂದರು.

ತಂದದ್ದು ಸುಲಭ, ಕೂರಿಸುವುದು ಸುಲಭವಲ್ಲ. ಇದನ್ನು ಸ್ವಲ್ಪ ವಿಸ್ತರಿಸಿ ಹೇಳಿದರೆ ವಾಚಕರು ಬೇಸರಿಸಲಾರರೆಂದು ನಂಬುತ್ತೇನೆ. ಪೆಟ್ರೋಲು ಇಂಜಿನು ಗಾಳಿ ಮತ್ತು ಇಂಧನದ ಮಿಶ್ರಣವನ್ನು ಸುಮಾರು ಏಳರಲ್ಲೊಂದು ಪಾಲಿಗೆ ಒತ್ತಿ, ಕಿಡಿ ಹೊತ್ತಿಸುತ್ತದೆ. ಡೀಸೆಲಿನದು ಕಿಡಿಯಿಲ್ಲದ ಬೆಂಕಿ. ಗಾಳಿಯೊಂದನ್ನೇ ಇಪ್ಪತ್ತರಲ್ಲೊಂದು ಪಾಲಿಗಿಂತಲೂ ಕಡಿಮೆಯಾಗುವಂತೆ ಒತ್ತಿದಾಗ ಅದು ತಾನಾಗಿ ಕಾದು, ಸಿಂಪಡಿಸಿದ ಎಣ್ಣೆ ಒಡನೆಯೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಇದನ್ನು ಓಡಿಸಿ ತೋರಿಸಿದ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥ ಒಂದು ಇಂಜಿನು ನೆಲಗಡಲೆಯ ಎಣ್ಣೆಯಿಂದಲೇ ಓಡಿತಂತೆ. ಕಿಡಿಯ ಗೊಡವೆ ಇಲ್ಲದ್ದರಿಂದ ಆಟಿಯ ಮಳೆಯಲ್ಲಿ ಪ್ಲಗ್ಗು ತೇವವಾಯಿತು, ಕಾಯಿಲು ಸತ್ತಿತು ಎಂಬ ಗೋಳಿಲ್ಲ. ನಮ್ಮ ಕರಾವಳಿಗೆ ಇದೇನು ಸಣ್ಣ ಲಾಭವೇ?

ಆದರೆ ಇಷ್ಟು ಒತ್ತಡವನ್ನು ತಾಳಬೇಕಾದ ಇಂಜಿನು ಭಾರವಾದದ್ದು, ನಡುಗುವಂಥದು. ಎಫ್.ಸಿ. ಗಾಡಿಯ ಮುಂಭಾಗ ಮೊದಲೇ ಭಾರ. ಅದಕ್ಕೆ ಇನ್ನಷ್ಟು ತೂಕ ಬಿದ್ದರೆ ಮುಂದಿನ ಸ್ಪ್ರಿಂಗಿಗೆ ಪಟ್ಟೆ ಸೇರಿಸಬೇಕು. ಹಳೆಯ ಗಿಯರ್ ಬಾಕ್ಸಿನ ಬೋಲ್ಟಿನ ತೂತುಗಳು ಹೊಸ ಇಂಜಿನಿನ ತೂತುಗಳಿಗೆ ಕೂಡುವುದಿಲ್ಲ. ನಡುವೆ ದಪ್ಪನೆಯ ಉಕ್ಕಿನ ಹಲಗೆಯೊಂದನ್ನು ಲೇತಿನಲ್ಲಿ ಕೊರೆಯಿಸಿ ಹಾಕಬೇಕು. ಅದರ ನಡುಬಿಂದು ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗು ಕೆಲವೇ ತಿಂಗಳಲ್ಲಿ ಸವೆದು ಕೂಗತೊಡಗುತ್ತದೆ. ಪೆಟ್ರೋಲು ಇಂಜಿನಿನ ಒಳಗಾಳಿಯ ಕೊಳವೆಯಲ್ಲಿ ಹುಟ್ಟುವ ಎಳೆತದಿಂದಲೇ ಹಳೆಯ ಜೀಪುಗಳ ವೈಪರು ಆಡುತ್ತಿತ್ತು. ಡೀಸೆಲಿನಲ್ಲಿ ಆ ಎಳೆತವಿಲ್ಲ. ಇಂಜಿನು ಬದಲಾಯಿಸಿದವನು ಮೊದಲ ಮಳೆಗೆ ಕಣ್ಣು ಕಾಣದೆ ನಿಲ್ಲುತ್ತಾನೆ. ವೇಗವೂ ಇಳಿಯುತ್ತದೆ. ಹಿಂದಿನ ಆಕ್ಸಲಿನ ಹಲ್ಲುಗಳ ಲೆಕ್ಕ 5.38ಕ್ಕೆ ಒಂದು. ಚಕ್ರದ ಸುತ್ತಳತೆ ಸುಮಾರು 2.3 ಮೀಟರು. ನಿಮಿಷಕ್ಕೆ 3000 ಸುತ್ತು ತಿರುಗುವ ಡೀಸೆಲು ಇಂಜಿನು ಗಾಡಿಯನ್ನು ಗಂಟೆಗೆ 77 ಕಿಲೋಮೀಟರಿಗಿಂತ ಮುಂದೆ ಒಯ್ಯಲಾರದು. ಮೀನಿಗೂ ಮಂಜುಗಡ್ಡೆಗೂ ಅಷ್ಟು ವೇಗ ಧಾರಾಳವಾಯಿತು.

ಆ ತಂದೆ ಇದೆಲ್ಲವನ್ನೂ ಪುಸ್ತಕ ಓದಿ ಕಲಿತವರಲ್ಲ. ಕಬ್ಬಿಣದ ಹಲಗೆಯ ಅಳತೆಯನ್ನು ರಟ್ಟಿನಲ್ಲಿ ಕತ್ತರಿಸಿಕೊಂಡು ಲೇತಿನವನ ಬಳಿಗೆ ಹೋದರಂತೆ. ಆ ಹಲಗೆಯನ್ನು ನಾನು ಕಂಡೆ. ಅಂಚಿನಲ್ಲಿ ಚಾಣದಿಂದ ಕೊರೆದ ‘1986’ ಎಂಬ ಅಂಕಿ, ಬಾಲ್ಯದ ಸ್ಲೇಟಿನ ಅಕ್ಷರದಂತೆ ಸೊಟ್ಟ.

ಈಗ ತಂದೆ ಇಲ್ಲ. ಗಾಡಿ ಮೂರು ವರ್ಷ ತೆಂಗಿನ ಸೋಗೆಯ ಮಾಡಿನಡಿ ನಿಂತಿತ್ತು. ಅದನ್ನು ಎಬ್ಬಿಸಬೇಕೆಂದು ಮಗ ಹೊರಟಾಗ ಬೆಂಗಳೂರಿನಿಂದ ಹಳೆಯ ಗಾಡಿಗಳ ಸಂಗ್ರಾಹಕರೊಬ್ಬರು ಬಂದು ನೋಡಿದರು. ಸಜ್ಜನರು, ವಿಷಯ ಬಲ್ಲವರು. ಡೀಸೆಲು ಇಂಜಿನನ್ನು ಇಳಿಸಿ, ಕಾರ್ಖಾನೆಯಿಂದ ಬಂದಾಗ ಇದ್ದಂಥ ಪೆಟ್ರೋಲು ಇಂಜಿನನ್ನೇ ಹುಡುಕಿ ಕೂರಿಸಿದರೆ, ಮಗ ಕನಸಿನಲ್ಲಿಯೂ ಎಣಿಸದಷ್ಟು ಬೆಲೆ ಕೊಡುವೆನೆಂದರು. ಮಗನಿಗೆ ಬ್ಯಾಂಕಿನ ಸಾಲವಿದೆ. ಮಗಳ ಕಾಲೇಜು ಶುಲ್ಕವಿದೆ. ಅವನು ನನ್ನಲ್ಲಿಗೆ ಬಂದು ಕೇಳಿದ ಮಾತು ಇಷ್ಟೇ: “ಅಪ್ಪಯ್ಯ ಕೂರ್ಸಿದ್ ಇಂಜಿನ್ ಇಳ್ಸಿರೆ, ಇದ್ ಯಾರ್ ಗಾಡಿ ಆತ್ತ್ ಸಾರ್?”

ಸಂಗ್ರಾಹಕರ ಪಕ್ಷವನ್ನು ನಾನು ಹಗುರಾಗಿ ಕಾಣಲಾರೆ. ಅವರದು ಮೂಲಪಾಠದ ನಿಷ್ಠೆ. ಕೈತಪ್ಪನ್ನೂ ಪ್ರಕ್ಷಿಪ್ತವನ್ನೂ ಕಳೆದು ಕವಿಯ ಕೈಯಿಂದ ಬಂದ ಪಾಠವನ್ನು ಹುಡುಕುವುದು ಸಂಪಾದಕನ ಧರ್ಮವೆಂದು ನಾವು ಪಾಠ ಹೇಳುತ್ತೇವೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ 1964ರಲ್ಲಿ ಹೊರಬಂದ ಮೇಲೆ ಈ ಶಾಸ್ತ್ರಕ್ಕೆ ಕನ್ನಡದಲ್ಲಿ ಒಂದು ಭದ್ರವಾದ ನೆಲೆ ಸಿಕ್ಕಿತು. ಆದರೆ ಗಾಡಿ ಕಾವ್ಯವಲ್ಲ. ಕಾರ್ಖಾನೆಯಿಂದ ಹೊರಬಿದ್ದ ದಿನ ಅದು ಬರೀ ಪೀಠಿಕೆ. ಅದರ ಕಥೆಯೆಲ್ಲ ಆಮೇಲಿನದು. ಕವಿಯೊಬ್ಬನೇ ಆದ ಗ್ರಂಥಕ್ಕೆ ಹೇಳಿದ ನಿಯಮವನ್ನು, ಊರೆಲ್ಲ ಸೇರಿ ಹಾಡಿ ಬೆಳೆಸಿದ ಪಾಡ್ದನಕ್ಕೆ ಹೇರಿದರೆ ಏನಾದೀತು? ಪಾಡ್ದನದಲ್ಲಿ ಪಾಠಾಂತರಗಳನ್ನು ಕಿತ್ತುಹಾಕಿದರೆ ಉಳಿಯುವುದು ಮೂಲವಲ್ಲ, ಮೌನ.

ಇನ್ನೊಂದು ಹೋಲಿಕೆ ಬಾರಕೂರಿನ ದಾರಿಯಲ್ಲೇ ಇದೆ. ಅಲ್ಲಿ ಕತ್ತಲೆ ಬಸದಿಯನ್ನು ಸ್ಮಾರಕವೆಂದು ಕಾಪಾಡಿದ್ದಾರೆ. ಅದರ ಕಲ್ಲನ್ನು ಯಾರೂ ತಮಗೆ ತೋಚಿದಂತೆ ಬದಲಿಸಕೂಡದು. ಅದು ಸರಿ. ಅದರ ಆಸುಪಾಸಿನಲ್ಲಿಯೇ ಪೂಜೆ ನಡೆಯುವ ಗುಡಿಗಳಿವೆ. ಅವುಗಳಿಗೆ ಮಾಡು ಹೊದಿಸುತ್ತಾರೆ, ಮರದ ಜಂತಿ ಬದಲಿಸುತ್ತಾರೆ, ಜೀರ್ಣೋದ್ಧಾರ ಮಾಡಿ ಬ್ರಹ್ಮಕಲಶ ನಡೆಸುತ್ತಾರೆ. ಹೊಸ ಜಂತಿ ಬಂತೆಂದು ದೇವರು ಎದ್ದುಹೋದನೆಂದು ಯಾರೂ ಹೇಳಿಲ್ಲ. ದೋಣಿಯ ವಿಚಾರವೂ ಹಾಗೆಯೇ. ಹಲಗೆ ಬದಲಾಗುತ್ತದೆ, ಹಾಯಿಯ ಜಾಗಕ್ಕೆ ಯಂತ್ರ ಬರುತ್ತದೆ, ಹೆಸರು ಮಾತ್ರ ಅಜ್ಜಿಯದು. ನಮ್ಮ ಮೀನುಗಾರಿಕೆಯ ದೋಣಿಗಳಲ್ಲಿ ಲಾರಿಯ ಇಂಜಿನುಗಳು ಕಡಲಿಗೆ ಇಳಿದದ್ದನ್ನು ಕಂಡವರಿಗೆ ಪಿಕಪ್ಪಿನಲ್ಲಿ ಜೀಪಿನ ಇಂಜಿನು ಅಚ್ಚರಿಯಾಗಬೇಕಾಗಿಲ್ಲ.

ಕಾನೂನು ಸಂಗ್ರಾಹಕರ ಕಡೆಗೆ ಹೆಚ್ಚು ಒಲಿದಿದೆ. 2021ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮಗಳಂತೆ, ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿಯೇ ಉಳಿದ ಗಾಡಿಗೆ ಮಾತ್ರ ‘ವಿಂಟೇಜ್’ ಎಂಬ ಮನ್ನಣೆ. ಚಾಸಿಸು, ಮೈಕಟ್ಟು, ಇಂಜಿನುಗಳಲ್ಲಿ ಗಣನೀಯ ಮಾರ್ಪಾಡಾಗಿದ್ದರೆ ಅದು ಸಲ್ಲದು. ಮನ್ನಣೆಯ ನೋಂದಣಿಗೆ 20,000 ರೂಪಾಯಿ ಶುಲ್ಕ. ಮನ್ನಣೆ ಪಡೆದ ಮೇಲೆ ಅದನ್ನು ದಿನನಿತ್ಯದ ಓಡಾಟಕ್ಕೋ ವ್ಯಾಪಾರಕ್ಕೋ ಬಳಸುವಂತಿಲ್ಲ. ದುಡಿಯುವುದನ್ನು ಬಿಟ್ಟ ಮೇಲೆಯೇ ಗೌರವ ಎಂಬ ಈ ಏರ್ಪಾಡು ಮನುಷ್ಯರಿಗೂ ಅನ್ವಯಿಸುತ್ತದೆಯೆಂದು ನಿವೃತ್ತಿಗೆ ಸಮೀಪಿಸಿದ ನನ್ನ ಸಹೋದ್ಯೋಗಿಯೊಬ್ಬರು ನಕ್ಕರು. ಅತ್ತ, 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಮಾರ್ಪಾಡುಗಳಿಗೆ ಕಟ್ಟುನಿಟ್ಟಾದ ಮಿತಿ ಹಾಕಿದೆ. ನೋಂದಣಿ ಪತ್ರದಲ್ಲಿರುವ ವಿವರಕ್ಕೂ ಗಾಡಿಗೂ ತಾಳೆಯಿರಬೇಕು. ತಂದೆ ಆ ಕಾಲದಲ್ಲಿಯೇ ಇಂಜಿನಿನ ಬದಲಾವಣೆಯನ್ನು ದಾಖಲು ಮಾಡಿಸಿಕೊಂಡಿದ್ದರು. ಆ ಒಂದು ಮುದ್ರೆ ಇಲ್ಲದಿದ್ದಲ್ಲಿ ಈ ಚರ್ಚೆಯೇ ಏಳುತ್ತಿರಲಿಲ್ಲ.

ನಾನು ಮಗನಿಗೆ ಹೇಳಿದ್ದು: ಡೀಸೆಲನ್ನು ಇಳಿಸಬೇಡ, ಆದರೆ ಹೊಗೆಯನ್ನು ಇಳಿಸು. ಡೀಸೆಲಿನ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿಯೇ ನಿರ್ಣಯಿಸಿದೆ. ಪಿತೃಭಕ್ತಿಯ ಹೆಸರಿನಲ್ಲಿ ಊರಿನ ಮಕ್ಕಳ ಮೂಗಿಗೆ ಮಸಿ ಬಳಿಯುವುದು ಯಾವ ಶಾಸ್ತ್ರ? ಲಾಭದ ಲೆಕ್ಕವೂ ಹಿಂದಿನಂತಿಲ್ಲ. 2010ರಲ್ಲಿ ಪೆಟ್ರೋಲಿನ, 2014ರಲ್ಲಿ ಡೀಸೆಲಿನ ಬೆಲೆನಿಯಂತ್ರಣ ತೆಗೆದ ಮೇಲೆ ಎರಡರ ನಡುವಣ ಅಂತರ ಬಹಳ ಕುಗ್ಗಿದೆ. ಹಾಗಾಗಿ ಈ ಇಂಜಿನನ್ನು ಉಳಿಸಿಕೊಳ್ಳುವುದಾದರೆ ಉಳಿತಾಯಕ್ಕಾಗಿಯೆಂದು ನಟಿಸಬೇಕಾಗಿಲ್ಲ.

ಅವನು ಸಂಗ್ರಾಹಕರಿಗೆ ಪತ್ರ ಬರೆದು ವಿನಯದಿಂದ ಬೇಡವೆಂದ. ಸಾಲ ಹಾಗೆಯೇ ಇದೆ. ಗಾಡಿಯ ಕೆಲಸ ನಡೆಯುತ್ತಿದೆ. ಮೇಸ್ತ್ರಿ ಚಾಸಿಸಿನ ತೊಲೆಗಳನ್ನು ಸುತ್ತಿಗೆಯಿಂದ ತಟ್ಟುತ್ತ, ಸದ್ದು ಮೊಂಡಾದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದ. ಕೊಳೆತ ಕಬ್ಬಿಣವನ್ನು ಕತ್ತರಿಸಿ, ಹೊಸ ತುಂಡನ್ನು ಓರೆಯಾಗಿ ಬೆಸೆದ. ನೇರವಾಗಿ ಬೆಸೆದರೆ ಹೊರೆ ಬಿದ್ದಾಗ ಬೆಸುಗೆಯ ಗೆರೆಯಲ್ಲಿಯೇ ಸೀಳುತ್ತದಂತೆ. ಮೇಲೆ ರೆಡ್ ಆಕ್ಸೈಡ್ ಬಳಿದ. ಪಂಪು ಮತ್ತು ನಾಝಲುಗಳು ಮಂಗಳೂರಿಗೆ ಹೋಗಿ ಪರೀಕ್ಷೆಯಾಗಿ ಬಂದವು. ಪಿಸ್ಟನಿನ ಉಂಗುರಗಳು ಹೊಸವು. ವೈಪರಿಗೆ ವಿದ್ಯುತ್ ಮೋಟಾರು, ಬ್ರೇಕಿಗೆ ಎಳೆತ ಕೊಡಲು ಆಲ್ಟರ್ನೇಟರಿನ ಹಿಂದೆ ಕೂರುವ ಪುಟ್ಟ ಪಂಪು. ತೊಟ್ಟಿಯ ನೆಲಕ್ಕೆ ತಗಡು ಬೇಡವೆಂದು ದೋಣಿಯ ಬಡಗಿಯನ್ನು ಕರೆಸಿ ಹೆಬ್ಬಲಸಿನ ಹಲಗೆ ಹಾಸಿಸಿದ್ದಾರೆ, ಉಪ್ಪುನೀರು ನಿಲ್ಲದಂತೆ ನಡುವೆ ಸಂದು ಬಿಟ್ಟು. ಅಮೆರಿಕದ ವಿನ್ಯಾಸ, ಫ್ರಾನ್ಸಿನ ಇಂಜಿನು, ಬೆಂಗ್ರೆಯ ದೋಣಿಗೆ ಸಲ್ಲುವ ಹಲಗೆ.

ತಂದೆಯ ಉಕ್ಕಿನ ಹಲಗೆಯನ್ನು ಅಳೆದು ನೋಡಿದಾಗ ಮೇಸ್ತ್ರಿಗೆ ಬದಲಿಸಬೇಕಾದದ್ದೇನೂ ಕಾಣಲಿಲ್ಲ. ಸೊಟ್ಟ ಅಂಕಿಯೊಂದಿಗೆ ಅದು ಮತ್ತೆ ಒಳಗೆ ಕುಳಿತಿದೆ.

ಉಳಿದದ್ದು ಬಣ್ಣ. ಬಾಗಿಲನ್ನು ಉಜ್ಜಿದಾಗ ಮೇಲಿನ ನೀಲಿಯ ಕೆಳಗೆ ಹಳದಿ, ಅದರ ಕೆಳಗೆ ಹಸುರು, ಎಲ್ಲಕ್ಕಿಂತ ಅಡಿಯಲ್ಲಿ ಮಾಸಿದ ಒಂದು ಬೂದು ಬಣ್ಣ ಕಂಡಿತು. ನೀಲಿ ಬಳಿದದ್ದು ತಂದೆ. ಹಳದಿಯದು ಯಾರ ಕೈಯೋ ಮನೆಯಲ್ಲಿ ಯಾರೂ ಅರಿಯರು. ತಾಯಿ ನೀಲಿಯೆನ್ನುತ್ತಾರೆ, ಮಗಳು ಬೂದು ಎನ್ನುತ್ತಾಳೆ, ಪೇಂಟಿನವನು ದಿನಗೂಲಿ ಎಣಿಸುತ್ತ ಕುಳಿತಿದ್ದಾನೆ. ಈ ಬರಹ ಅಚ್ಚಿಗೆ ಹೋಗುವ ಹೊತ್ತಿಗೂ ತೀರ್ಮಾನವಾಗಿರಲಿಲ್ಲ.