ಐದೆಂದರೆ ಕನ್ನಡ

ದೇಶದ ಶಾಲೆಗಳೆಲ್ಲ ವರ್ಷಕ್ಕೊಮ್ಮೆ ಯುಡೈಸ್ ಎಂಬ ಸರಕಾರಿ ತಖ್ತೆಯನ್ನು ತುಂಬಬೇಕಾಗುವದು. 2022-23ರಿಂದ ಅದರಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯ ಮಾಹಿತಿಯೂ ಸೇರಿದೆ. ಬೋಧನ ಮಾಧ್ಯಮದ ಕಾಲಮಿನಲ್ಲಿ ಸಂಖದ ನಮ್ಮ ಮಕ್ಕಳಿಗೆ ಸಲ್ಲುವ ಅಂಕಿ 5. ಮರಾಠಿಗೆ 10, ಇಂಗ್ಲಿಷಿಗೆ 19. “ನಮ್ಮ ಭಾಷೆಗೆ ಹೆಸರಿಲ್ಲೇನ್ರಿ, ಗುರುಗಳೇ?” ಎಂದು ಪಾಲಕರೊಬ್ಬರು ಕೇಳಿದರು. ಪ್ರಶ್ನೆ ಯೋಗ್ಯವಾದದ್ದೇ.

ಹೆಸರು ಉಂಟು, ಹೆಸರುಗಳು ಹೆಚ್ಚಾದದ್ದೇ ತೊಡಕು. ಮರಾಠಿಗರು ಕಾನಡಿ ಎನ್ನುವರು. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಕ್ಯಾನರೀಸ್ ಎಂದಿದೆ. ನಮಗೆ ಇವೆಲ್ಲ ಒಂದೇ. ಗಣಕಯಂತ್ರಕ್ಕೆ ಮೂರು ಬೇರೆ ಭಾಷೆಗಳು. ಆದ್ದರಿಂದ ಪ್ರೋಗ್ರಾಮು ಬರೆಯುವವರು ಒಪ್ಪಿತ ಹೆಸರುಗಳ ಪಟ್ಟಿಯೊಂದನ್ನು ಕಟ್ಟುತ್ತಾರೆ. ಇದಕ್ಕೆ ಈನಮ್ ಎನ್ನುವರು. ಮಾಹಿತಿಯನ್ನು ಕೂಡಿಡುವ ಡೇಟಾಬೇಸಿನ ಕಾಲಮಿನಲ್ಲಿ ಮಾತ್ರ ಹೆಸರಿನ ಬದಲು ಅದರ ಅಂಕಿಯನ್ನು ಇಡುವರು. ಅಂಕಿಗೆ ಸ್ಥಳ ಕಡಿಮೆ ಸಾಕು. ಕಾಗುಣಿತದ ತಪ್ಪಿಗೂ ಆಸ್ಪದವಿಲ್ಲ.

ಅಪಾಯವಿರುವದು ಹೆಸರಿಗೂ ಅಂಕಿಗೂ ಗಂಟು ಹಾಕುವಲ್ಲಿ. ಅಂಕಿಯನ್ನು ಸ್ಪಷ್ಟವಾಗಿ ಬರೆಯದಿದ್ದರೆ ಸಿ, ಜಾವಾ ಮೊದಲಾದ ಪ್ರೋಗ್ರಾಮಿಂಗ್ ಭಾಷೆಗಳು ಪಟ್ಟಿಯೊಳಗಿನ ಸ್ಥಾನ ನೋಡಿ ತಾವೇ ಎಣಿಸುವವು, ಅದೂ ಸೊನ್ನೆಯಿಂದ. ಯುಡೈಸಿನ ಪಟ್ಟಿಯು ಅಸ್ಸಾಮಿ 1, ಬಂಗಾಲಿ 2, ಗುಜರಾತಿ 3, ಹಿಂದಿ 4, ಕನ್ನಡ 5, ಕಾಶ್ಮೀರಿ 6 ಎಂದು ರೋಮನ್ ಅಕ್ಷರಕ್ರಮದಲ್ಲಿ ಸಾಗುವದು. ಸೊನ್ನೆಯಿಂದ ಎಣಿಸಿದರೆ ಐದರ ಜಾಗದಲ್ಲಿ ಕಾಶ್ಮೀರಿ ಕುಳಿತಿರುವದು!

ಬೋಡೋ ಭಾಷೆಯ ಸಂಗತಿಯನ್ನು ನೋಡಿರಿ. ಅದಕ್ಕೆ ಕೊಟ್ಟ ಅಂಕಿ 20, ಇಂಗ್ಲಿಷಿನ ನಂತರದ್ದು. ಅಕ್ಷರಕ್ರಮದ ಚೊಕ್ಕತನಕ್ಕಾಗಿ ಅದನ್ನು ಬಂಗಾಲಿಯ ಮಗ್ಗುಲಲ್ಲಿ ತುರುಕಿ, ಎಣಿಕೆಯನ್ನು ಸ್ಥಾನಕ್ಕೆ ಬಿಟ್ಟಿದ್ದರೆ ಏನಾಗುತ್ತಿತ್ತು? ಹಿಂದೆ ಬರೆದಿಟ್ಟ 5 ಹಾಗೆಯೇ ಉಳಿಯುತ್ತಿತ್ತು, ಅರ್ಥ ಮಾತ್ರ ಹಿಂದಿಯಾಗುತ್ತಿತ್ತು. ಮರಾಠಿ ಶಾಲೆಗಳು ಮಣಿಪುರಿ ಶಾಲೆಗಳಾಗುತ್ತಿದ್ದವು. ಯಂತ್ರವು ಚಕಾರವೆತ್ತದು, ಏಕೆಂದರೆ 5 ಎಂಬುದು ಆಗಲೂ ಸರಿಯಾದ ಅಂಕಿಯೇ. ಅಂಥ ಲೆಕ್ಕ ನೋಡಿ ಪುಸ್ತಕ ಕಳಿಸಿದರೆ, ಜೂನಿನಲ್ಲಿ ನಮ್ಮ ಹುಡುಗರ ಕೈಗೆ ಬಾಲಭಾರತಿಯ ಕನ್ನಡ ಪುಸ್ತಕ ಬರುವದೇ?

ವಿದ್ಯಾರ್ಥಿಗಳೇ, ಹಾಜರಿಪಟದಲ್ಲಿ ನಿಮ್ಮ ನಂಬರು ವರ್ಷವರ್ಷಕ್ಕೆ ಸರಿಯುವದು. ಜನರಲ್ ರಜಿಸ್ಟರಿನ ನಂಬರು ಹಾಗಲ್ಲ. ನೀವು ಶಾಲೆ ಬಿಟ್ಟ ಮೇಲೂ ಅದನ್ನು ಇನ್ನೊಬ್ಬರಿಗೆ ಕೊಡುವದಿಲ್ಲ. ಡೇಟಾಬೇಸಿಗೆ ಹೋಗುವ ಅಂಕಿಯು ಈ ಎರಡನೆಯ ಜಾತಿಯದಾಗಿರಬೇಕು. ಪ್ರತಿ ಹೆಸರಿನ ಮುಂದೆ ಅದನ್ನು ಬರೆದಿಡಬೇಕು. ಹೊಸ ಹೆಸರಿಗೆ ಹೊಸ ಅಂಕಿ.

ಪಟ್ಟಿಯಲ್ಲಿಲ್ಲದ ಅಂಕಿ ಬಂದರೆ ಡೇಟಾಬೇಸು ತಿರಸ್ಕರಿಸುವಂತೆ ಕಟ್ಟಬಹುದು. 5ರ ಬದಲು ಬಿದ್ದ 4 ಹಾಗೆ ಸಿಕ್ಕಿಬೀಳದು. ಆದುದರಿಂದ ಈ ವರ್ಷ ತಖ್ತೆಯ ಮುದ್ರಿತ ಪ್ರತಿಯನ್ನು ಕಚೇರಿಯಲ್ಲಿ ಇಡಲಿದ್ದೇವೆ. ಪಾಲಕರು ಬಂದು, ತಮ್ಮ ಮಗುವಿನ ಹೆಸರಿನ ಮುಂದೆ ಯಾವ ಮಾಧ್ಯಮವಿದೆಯೆಂದು ನೋಡಿಕೊಂಡು ಹೋಗಬೇಕು.