ಹಾಡಿಗೆ ಕೊನೆಯ ಕಿವಿ ಯಾರದು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮನೆಯಲ್ಲಿ ಹಾಡು ರೆಕಾರ್ಡ್ ಮಾಡುವವರು ಮೊದಲು ಆಕಾಶ ನೋಡಬೇಕು. ಜೂನ್ ಹಿಡಿಯಿತೆಂದರೆ ಹೆಂಚಿನ ಮೇಲೆ, ಅಂಗಳದ ತಗಡಿನ ಮೇಲೆ ಮಳೆ ಬಾರಿಸುವ ಸದ್ದನ್ನು ಯಾವ ಮೈಕೂ ಬಿಡುವುದಿಲ್ಲ. ಮಳೆ ಹೊಳವಾದರೆ ಜೀರುಂಡೆ. ಎರಡೂ ಸುಮ್ಮನಿದ್ದ ಹೊತ್ತಿಗೆ ಕರೆಂಟ್ ಇರುವುದಿಲ್ಲ. ಇಷ್ಟೆಲ್ಲ ದಾಟಿ ಒಂದು ಯಕ್ಷಗಾನ ಪದವನ್ನೋ, ದೀಪಾವಳಿಯ ಅಂಟಿಗೆ-ಪಂಟಿಗೆಯನ್ನೋ, ಚರ್ಚಿನ ಗಾಯನವೃಂದವನ್ನೋ ಲ್ಯಾಪ್‌ಟಾಪಿಗೆ ಇಳಿಸಿದವರ ಮುಂದೆ ಕೊನೆಗೊಂದು ಪ್ರಶ್ನೆ ಉಳಿಯುತ್ತದೆ: ಮಾಸ್ಟರಿಂಗನ್ನು ಮನೆಯಲ್ಲೇ ಮುಗಿಸುವುದೋ, ಬೆಂಗಳೂರಿನ ಸ್ಟುಡಿಯೊಗೆ ಕಳಿಸುವುದೋ?

ಬೇರೆ ಬೇರೆ ಮೈಕಿನಲ್ಲಿ ಹಿಡಿದ ದನಿಗಳನ್ನು ಹದವಾಗಿ ಕೂಡಿಸುವ ಕೆಲಸ ಮಿಕ್ಸಿಂಗ್. ಎಲ್ಲ ಸೇರಿ ಎಡ-ಬಲದ ಒಂದೇ ಫೈಲ್ ಆದ ಮೇಲೆ ಶುರುವಾಗುವುದು ಮಾಸ್ಟರಿಂಗ್. ಒಟ್ಟು ದನಿಯಲ್ಲಿ ಮಂದ್ರ ಹೆಚ್ಚಾಯಿತೇ, ತಾರ ಚುಚ್ಚುತ್ತದೆಯೇ, ಒಂದು ಹಾಡಿನಿಂದ ಇನ್ನೊಂದಕ್ಕೆ ಹೋದಾಗ ವಾಲ್ಯೂಮ್ ತಿರುಗಿಸಬೇಕಾಗುತ್ತದೆಯೇ ಎಂದು ನೋಡಿ ತಿದ್ದುವುದು. ಅಡಿಕೆ ಬೆಳೆಗಾರರಿಗೆ ಹೇಳುವುದಾದರೆ ಇದು ಆಯುವ ಕೆಲಸ. ಬೇಯಿಸುವಾಗ, ಚೊಗರು ಹಾಕುವಾಗ ಹದ ತಪ್ಪಿದ್ದನ್ನು ಆಯುವವರು ಎಷ್ಟೇ ಚುರುಕಾಗಿದ್ದರೂ ಸರಿಮಾಡಲಾರರು.

ಈ ಕಸುಬು ಹುಟ್ಟಿದ್ದು ಗ್ರಾಮಫೋನ್ ತಟ್ಟೆಗಾಗಿ. ಟೇಪಿನಲ್ಲಿದ್ದ ಸಂಗೀತವನ್ನು ತಟ್ಟೆಯ ಗೀರಾಗಿ ಕೊರೆಯುವಾಗ ಮಂದ್ರ ಜಾಸ್ತಿಯಾದರೆ ಗೀರು ಅಗಲವಾಗಿ ಪಕ್ಕದ ಗೀರಿಗೆ ತಾಗುತ್ತಿತ್ತು, ಮುಳ್ಳು ಹಾರುತ್ತಿತ್ತು. ಮಂದ್ರವನ್ನು ತಗ್ಗಿಸಿ ಕೊರೆದು, ನುಡಿಸುವಾಗ ಮತ್ತೆ ಅಷ್ಟೇ ಏರಿಸುವ ಲೆಕ್ಕವನ್ನು ಅಮೆರಿಕದ ರೆಕಾರ್ಡ್ ಉದ್ಯಮ 1954ರಲ್ಲಿ ಒಂದು ಮಟ್ಟಕ್ಕೆ ತಂದಿತು. ಕನ್ನಡದಲ್ಲಿ 1978ರ ‘ನಿತ್ಯೋತ್ಸವ’ದಿಂದ ಭಾವಗೀತೆಗೆ ಕ್ಯಾಸೆಟ್ಟಿನ ಕಾಲ ಬಂತು. ಆಗಲೂ ಈ ಕೊನೆಯ ಹಂತ ಕಂಪನಿಯ ತಲೆನೋವೇ ಹೊರತು ಹಾಡುವವರದಲ್ಲ. ಈಗ ಹಾಡುವವರೇ ರೆಕಾರ್ಡ್ ಮಾಡಿ, ಅವರೇ ಯೂಟ್ಯೂಬಿಗೆ ಏರಿಸುತ್ತಾರೆ. ನಡುವೆ ಬೇರೆ ಯಾರ ಕಿವಿಗೂ ಬೀಳದೆ ಹಾಡು ಲೋಕಕ್ಕೆ ಹೋಗುತ್ತದೆ. ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು ಇದೇ, ಸಾಫ್ಟ್‌ವೇರ್ ಅಲ್ಲ. ಒಂದೇ ಪದವನ್ನು ವಾರಗಟ್ಟಲೆ ಕೇಳಿದವರಿಗೆ ಅದರಲ್ಲಿ ಇರುವುದು ಕೇಳಿಸುವುದಿಲ್ಲ, ಇರಬೇಕಾದದ್ದು ಕೇಳಿಸುತ್ತದೆ.

ಎರಡನೆಯ ತೊಡಕು ಕೋಣೆ. ಹತ್ತಡಿ ಅಗಲದ ಕೋಣೆಯಲ್ಲಿ ಸುಮಾರು 56 ಹರ್ಟ್ಸ್ ಮತ್ತು ಅದರ ಇಮ್ಮಡಿ 112 ಹರ್ಟ್ಸ್‌ನ ದನಿ ಎದುರುಬದುರು ಗೋಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಗೋಡೆಯ ಹತ್ತಿರ ಮೊಳಗುವ ಮಂದ್ರ, ಒಂದೆರಡು ಹೆಜ್ಜೆ ಸರಿದರೆ ಮಾಯ. ಮೊಳಗುವ ಜಾಗದಲ್ಲಿ ಕುರ್ಚಿ ಹಾಕಿ ಕೂತವರು ಮದ್ದಳೆಯ ಗುಮುಕು ಜಾಸ್ತಿಯಾಯಿತೆಂದು ಕಡಿಮೆ ಮಾಡುತ್ತಾರೆ. ಬೇರೆಯವರ ಮನೆಯಲ್ಲಿ ಅದು ಸಪ್ಪೆಯಾಗಿ ಕೇಳುತ್ತದೆ. ತಾರಸಿ, ಸಿಮೆಂಟು ಗೋಡೆ, ಟೈಲ್ಸ್ ನೆಲದ ಹೊಸ ಮನೆಗಿಂತ ಇಳಿಜಾರು ಮಾಡಿನ ಹಳೆಯ ಮರದ ಮನೆ ಈ ವಿಷಯದಲ್ಲಿ ವಾಸಿ. ಅಡಿಕೆ ಮೂಟೆ ಪೇರಿಸಿಟ್ಟ ಕೋಣೆಯನ್ನಂತೂ ಬಿಡಬಾರದು. ಗೋಣಿ ಮರುದನಿಯನ್ನು ನುಂಗುತ್ತದೆ, ಧಾರಣೆ ಏರಿ ಮೂಟೆ ಮಂಡಿಗೆ ಹೋಗುವ ತನಕ! ಮಾಸ್ಟರಿಂಗ್ ಸ್ಟುಡಿಯೊದವರಿಗೆ ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಇಂಥ ಸುಳ್ಳು ಹೇಳದ ಕೋಣೆಯ ಬಾಡಿಗೆಯೇ.

ಮನೆಯಲ್ಲಿ ಮಾಡುವವರು ಸಾಮಾನ್ಯವಾಗಿ ಜಾರುವುದು ಸದ್ದಿನ ಆಸೆಗೆ. ಲಿಮಿಟರ್ ಎಂಬ ಉಪಕರಣ ಏರಿದ ದನಿಯನ್ನು ಅದುಮಿ ಒಟ್ಟು ಮಟ್ಟವನ್ನು ಮೇಲಕ್ಕೆತ್ತುತ್ತದೆ. ಸಿ.ಡಿ. ಯುಗದಲ್ಲಿ ಕಂಪನಿಗಳು ಇದರಲ್ಲಿ ಪೈಪೋಟಿಗಿಳಿದವು. 2008ರಲ್ಲಿ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ, ಅದೇ ಹಾಡುಗಳು ವಿಡಿಯೊ ಗೇಮಿನಲ್ಲಿ ಇದಕ್ಕಿಂತ ಚೆನ್ನಾಗಿ ಕೇಳುತ್ತವೆ ಎಂದು ಅಭಿಮಾನಿಗಳೇ ದೂರಿದರು. ಈಗ ಆ ಪೈಪೋಟಿಗೆ ಅರ್ಥವಿಲ್ಲ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲ ಹಾಡನ್ನೂ ಮೈನಸ್ 14 ಎಲ್‌ಯುಎಫ್‌ಎಸ್ ಎಂಬ ಗಟ್ಟಿತನದ ಮಟ್ಟಕ್ಕೆ ತರುತ್ತದೆ. ಯೂಟ್ಯೂಬ್ ಗಟ್ಟಿಯಾದದ್ದನ್ನು ತಗ್ಗಿಸುತ್ತದೆ, ಮೆಲುವಾದದ್ದನ್ನು ಏರಿಸುವುದಿಲ್ಲ. ಅದುಮಿ ಎತ್ತಿದ ಹಾಡು ಅಲ್ಲಿ ಮತ್ತೆ ಕೆಳಗಿಳಿಯುತ್ತದೆ. ಅದುಮಿದ ಗಾಯ ಮಾತ್ರ ಉಳಿಯುತ್ತದೆ.

ಯಕ್ಷಗಾನದಲ್ಲಿ ಈ ಗಾಯ ಎದ್ದು ಕಾಣುತ್ತದೆ. ಚಂಡೆಯ ಪೆಟ್ಟು ಕ್ಷಣಾರ್ಧದಲ್ಲಿ ಎಲ್ಲಕ್ಕಿಂತ ಮೇಲೆ ಚಿಮ್ಮುತ್ತದೆ. ಲಿಮಿಟರ್ ಅದನ್ನು ಅದುಮುವಾಗ ಒಟ್ಟಿಗೆ ಭಾಗವತರ ದನಿಯೂ ಕುಗ್ಗಿ, ಪೆಟ್ಟು ಮುಗಿದೊಡನೆ ಮೇಲೇಳುತ್ತದೆ. ಏರುಪದದಲ್ಲಿ ಇದು ಏದುಸಿರಿನಂತೆ ಕೇಳುತ್ತದೆ. ಭಾಗವತರು ಮಾಡದ ತಪ್ಪು ಅವರ ಹೆಸರಿಗೆ ಬೀಳುತ್ತದೆ. ಚಂಡೆಗೆ ಬೇರೆ ಮೈಕ್ ಇಟ್ಟಿದ್ದರೆ ಮಿಕ್ಸಿಂಗಿನಲ್ಲೇ ದಾರಿಯಿದೆ. ಇಲ್ಲವಾದರೆ ಪರಿಣತರಿಗೆ ಕೊಡಿ, ಅದರಲ್ಲೂ ಹಿಮ್ಮೇಳದ ಮನೋಧರ್ಮ ತಿಳಿದವರಿಗೆ. ಸಿನಿಮಾ ಹಾಡನ್ನಷ್ಟೇ ಮಾಸ್ಟರ್ ಮಾಡಿದವರು ಚಂಡೆಯನ್ನು ಗದ್ದಲವೆಂದು ತಿಳಿದು ಹಿಂದಕ್ಕೆ ತಳ್ಳುವ ಅಪಾಯವುಂಟು.

ಬೇರೆ ಬೇರೆ ದಿನ, ಬೇರೆ ಬೇರೆ ಜಾಗದಲ್ಲಿ ರೆಕಾರ್ಡ್ ಆದ ಎಂಟು-ಹತ್ತು ಹಾಡುಗಳನ್ನು ಒಂದು ಆಲ್ಬಮ್ ಮಾಡುವುದಾದರೂ ಹೊರಗೆ ಕಳಿಸುವುದೇ ಸರಿ. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಕೇಳಿ ಬೆಳೆದ ಕಿವಿಗಳು ನಮ್ಮವು. ಹಾಡು ಬದಲಾದಾಗಲೆಲ್ಲ ಎದ್ದು ಹೋಗಿ ರೇಡಿಯೊದ ಕಿವಿ ಹಿಂಡುವ ಅಭ್ಯಾಸ ನಮಗಿಲ್ಲ.

ಒಂಟಿ ದನಿ, ಶ್ರುತಿಪೆಟ್ಟಿಗೆಯ ದೇವರನಾಮಕ್ಕೆ ಮನೆಯೇ ಸಾಕು. ಮಂದ್ರದಲ್ಲಿ ಫ್ಯಾನಿನ ಗುಂಯ್ ಎನ್ನುವಿಕೆಯನ್ನು ಕತ್ತರಿಸಿ, ಗರಿಷ್ಠ ಮಟ್ಟವನ್ನು ಮೈನಸ್ ಒಂದು ಡೆಸಿಬೆಲ್‌ನಲ್ಲಿ ನಿಲ್ಲಿಸಿ, ಒಂದು ವಾರ ಕೇಳದೆ ಬಿಟ್ಟು, ಆಮೇಲೆ ಫೋನಿನಲ್ಲಿ, ಕಾರಿನಲ್ಲಿ, ಇಯರ್‌ಫೋನಿನಲ್ಲಿ ಕೇಳಿ ತಿದ್ದಿದರಾಯಿತು. ರೀಪರ್‌ನಂಥ ಅಗ್ಗದ ಸಾಫ್ಟ್‌ವೇರ್ ಇದಕ್ಕೆ ಧಾರಾಳ. ಫೈಲ್ ಏರಿಸಿದ ಕೂಡಲೇ ಮಾಸ್ಟರ್ ಮಾಡಿಕೊಡುವ ಲ್ಯಾಂಡರ್ 2014ರಲ್ಲೇ ಬಂದಿದೆ. ಅಂಥ ಸೇವೆಗಳು ಈಗ ಹಲವು. ಒಂದು ಸಲ ಹಾಕಿ ಹೋಲಿಸಿ ನೋಡಲು ಅಡ್ಡಿಯಿಲ್ಲ. ಗಿಟಾರ್, ಡ್ರಮ್ಸ್‌ನ ಹಾಡಿಗೆ ಒಗ್ಗುವಷ್ಟು ಅವು ನಮ್ಮ ತಾಳ-ಮದ್ದಳೆಗೆ ಒಗ್ಗುತ್ತವೆಂದು ಮಾತ್ರ ನನಗೆ ನಂಬಿಕೆಯಿಲ್ಲ.

ಅಂಟಿಗೆ-ಪಂಟಿಗೆಯದು ಬೇರೆಯೇ ಮಾತು. ದೀಪ ಹಿಡಿದು ಮನೆಯಿಂದ ಮನೆಗೆ ಹೋಗುವವರ ಹಾಡಿನಲ್ಲಿ ಹೆಜ್ಜೆಸದ್ದು, ನಾಯಿಯ ಬೊಗಳು, ಬಾಗಿಲು ತೆರೆದ ಮನೆಯವರ ಮಾತು ಎಲ್ಲ ಸೇರಿರುತ್ತದೆ. ಇದನ್ನೆಲ್ಲ ಗದ್ದಲವೆಂದು ಸಾಫ್ಟ್‌ವೇರಿನಿಂದ ತೊಳೆದರೆ ಮುಂದಿನವರು ಬಿಟ್ಟ ಸೊಲ್ಲನ್ನು ಹಿಂದಿನವರು ಎತ್ತಿಕೊಳ್ಳುವ ಜಾಗದಲ್ಲಿ ದನಿಯ ತುದಿಯೇ ಕರಗಿ, ನೀರೊಳಗಿಂದ ಹಾಡಿದಂತಾಗುತ್ತದೆ. ದಾಖಲೆಗಾಗಿ ಹಿಡಿದದ್ದಕ್ಕೆ ಮಾಸ್ಟರಿಂಗ್ ಬೇಡವೇ ಬೇಡ, ಮನೆಯದೂ ಬೇಡ, ಪೇಟೆಯದೂ ಬೇಡ. ಹಾಡಿದವರ ಹೆಸರು, ಊರು, ದಿನ ಬರೆದು ಮೂಲ ಫೈಲನ್ನು ಎರಡು ಕಡೆ ಜೋಪಾನ ಮಾಡಿದರೆ ಸಾಕು.

ಸ್ಟುಡಿಯೊಗೆ ಕಳಿಸುವವರು ಎಂ.ಪಿ.3 ಕಳಿಸಬಾರದು. 24 ಬಿಟ್‌ನ ವೇವ್ ಫೈಲ್, ಲಿಮಿಟರ್ ಹಾಕದ್ದು, ಮೇಲೆ ನಾಲ್ಕೈದು ಡೆಸಿಬೆಲ್ ಜಾಗ ಬಿಟ್ಟದ್ದು ಇರಲಿ. ಜೊತೆಗೆ ‘ಹೀಗೆ ಕೇಳಬೇಕು’ ಎನಿಸುವ ಒಂದು ಹಳೆಯ ರೆಕಾರ್ಡಿಂಗ್ ಕೊಟ್ಟರೆ ಹತ್ತು ಸಲ ಫೋನ್ ಮಾಡುವುದು ತಪ್ಪುತ್ತದೆ. ಅಟ್ಟದ ಮೇಲಿನ ಹಳೆಯ ಕ್ಯಾಸೆಟ್‌ಗಳನ್ನು ಹೊಸದಾಗಿ ಮಾಸ್ಟರ್ ಮಾಡಿಸುವವರು ಮೊದಲು ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು, ಅದರ ಕಿಟಕಿಯಂಥ ಜಾಗದಲ್ಲಿ ಟೇಪನ್ನು ನೋಡಲಿ. ಬಿಳಿಯ ಬೂಷ್ಟು ಕಂಡರೆ ಮನೆಯ ಟೇಪ್‌ರೆಕಾರ್ಡರಿಗೆ ಹಾಕಲೇಬೇಡಿ. ಬೂಷ್ಟು ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಟೇಪ್ ಶುಚಿಮಾಡಿ ಡಿಜಿಟಲ್‌ಗೆ ಇಳಿಸುವವರಿಗೆ ಮೊದಲು ಕೊಡಿ, ಮಾಸ್ಟರಿಂಗ್ ಆಮೇಲೆ.