ಮೈದಾನದ ಮಣ್ಣನ್ನು ತೊಳೆಯಬಹುದೇ?

ಪ್ರಶ್ನೆ: ವಿಕಿರಣಶೀಲ ವಸ್ತು ಬಿದ್ದ ಶಾಲಾ ಮೈದಾನವನ್ನು ಶುಚಿ ಮಾಡುವುದು ಹೇಗೆ? ನೀರು ಹಾಯಿಸಿದರೆ ಸಾಲದೇ?

ಉತ್ತರ: ಸಾಲದು. ಜಪಾನಿನ ಫುಕುಶಿಮಾದ ಶಾಲೆಗಳೇ ಇದಕ್ಕೆ ಸಾಕ್ಷಿ. 2011ರ ಮಾರ್ಚ್‌ನಲ್ಲಿ ಭೂಕಂಪ, ಸುನಾಮಿಗಳ ಬೆನ್ನಲ್ಲೇ ಅಲ್ಲಿನ ಅಣುಸ್ಥಾವರದಿಂದ ಹೊರಬಿದ್ದ ವಿಕಿರಣಶೀಲ ಸೀಸಿಯಂ, ಮಳೆ ಮತ್ತು ಹಿಮದೊಡನೆ ನೆಲಕ್ಕಿಳಿಯಿತು. ಜೇಡಿಮಣ್ಣಿನ ಕಣಗಳಲ್ಲಿ ತೀರಾ ತೆಳುವಾದ ಪದರಗಳಿರುತ್ತವೆ. ಅವುಗಳ ಸಂದಿಯಲ್ಲಿ ಸಿಕ್ಕಿಕೊಂಡ ಸೀಸಿಯಂ ನೀರಿಗೆ ಜಗ್ಗುವುದಿಲ್ಲ.

ಈ ಹಟಮಾರಿತನವೇ ಒಂದು ರೀತಿಯಲ್ಲಿ ಅನುಕೂಲವೂ ಆಯಿತು. ಆಳಕ್ಕೆ ಇಳಿಯದೆ ಬಹುಪಾಲು ಸೀಸಿಯಂ ಮೇಲಿನ ಕೆಲವೇ ಸೆಂಟಿಮೀಟರ್ ಮಣ್ಣಿನಲ್ಲಿ ಉಳಿದಿತ್ತು. ಅಷ್ಟನ್ನು ಯಂತ್ರದಿಂದ ಹೆರೆದು ತೆಗೆದರೆ ವಿಕಿರಣದ ಮಟ್ಟ ಗಣನೀಯವಾಗಿ ಇಳಿಯುತ್ತದೆ. ಫುಕುಶಿಮಾ ಪ್ರಾಂತ್ಯದ ಕೊರಿಯಾಮಾ ನಗರ ಅದೇ ವರ್ಷದ ಏಪ್ರಿಲ್ ಕೊನೆಯಲ್ಲಿ ಈ ಕೆಲಸಕ್ಕೆ ಕೈಹಾಕಿತು.

ಆದರೆ ಹೆರೆದ ಮಣ್ಣನ್ನು ಹಾಕುವುದೆಲ್ಲಿ? ಕಸದ ಗುಂಡಿಗೆ ಸಾಗಿಸಲು ಹೊರಟಾಗ ಅದರ ಸುತ್ತಲಿನ ಜನ ವಿರೋಧಿಸಿದರು. ಹಾಗಾಗಿ ರಾಶಿ ಮೈದಾನದಲ್ಲೇ ಹೊದಿಕೆಯಡಿ ಉಳಿಯಿತು.

ಇದಕ್ಕೆ ಇನ್ನೊಂದು ದಾರಿ, ಮೇಲಿನ ಮಣ್ಣನ್ನು ಕೆಳಕ್ಕೂ ಕೆಳಗಿನ ಶುದ್ಧ ಮಣ್ಣನ್ನು ಮೇಲಕ್ಕೂ ಹಾಕುವುದು. ಮೇಲೆ ಬಂದ ಮಣ್ಣು ಗಾಮಾ ಕಿರಣಗಳನ್ನು ತಡೆಯುತ್ತದೆ. ಮೈದಾನದಲ್ಲೇ ಆಳವಾದ ಗುಂಡಿ ತೋಡಿ ಹೂಳುವ ಕ್ರಮವೂ ಬಳಕೆಗೆ ಬಂತು. ಇವೆರಡರಲ್ಲೂ ಸೀಸಿಯಂ ನಾಶವಾಗುವುದಿಲ್ಲ, ಮಕ್ಕಳಿಂದ ದೂರವಾಗುತ್ತದೆ ಅಷ್ಟೇ. ಸೀಸಿಯಂ-137ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 30 ವರ್ಷ.

ಮುಂದೆ ಒಕುಮಾ ಮತ್ತು ಫುತಾಬಾ ಪಟ್ಟಣಗಳಲ್ಲಿ ತಾತ್ಕಾಲಿಕ ಸಂಗ್ರಹಾಗಾರ ಎದ್ದಿತು. ಪ್ರಾಂತ್ಯದ ನಾನಾ ಕಡೆ ತೆಗೆದ ಮಣ್ಣು ಅಲ್ಲಿಗೆ ಸಾಗಿದೆ. ಕಾನೂನಿನ ಪ್ರಕಾರ 2045ರೊಳಗೆ ಅದರ ಅಂತಿಮ ವಿಲೇವಾರಿ ಫುಕುಶಿಮಾದ ಹೊರಗೆ ಆಗಬೇಕು.